ಹೊಳೆ ಬದಿಯ ತೋಟ ಉಳಿಯಲು ತಡೆಗೋಡೆ ಸಾಕೇ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಸಮೀಪ ಕಾವೇರಿ ಹೊಳೆಗೆ ತಾಗಿಕೊಂಡು ನಮ್ಮ ಕಾಫಿ ತೋಟವಿದೆ. 2018 ಮತ್ತು 2019ರ ಪ್ರವಾಹಗಳ ನಂತರ ಪ್ರತಿ ಮಳೆಗಾಲದಲ್ಲೂ ದಂಡೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತಿದೆ. ಎರಡು ಸಾಲು ಗಿಡಗಳು ಆಗಲೇ ಹೊಳೆಯ ಪಾಲಾಗಿವೆ. ಕಾಂಕ್ರೀಟ್ ತಡೆಗೋಡೆ ಕಟ್ಟಿಸಿ ಎಂದು ಕೆಲವರು, ತಂತಿಬಲೆಯಲ್ಲಿ ಕಲ್ಲು ತುಂಬಿದ ಗೇಬಿಯನ್ ಸಾಕು ಎಂದು ಕೆಲವರು ಹೇಳುತ್ತಾರೆ. ಯಾವುದು ನಿಲ್ಲುತ್ತದೆ?

ಉತ್ತರ: ಯಾವ ಗೋಡೆ ಎಂಬುದನ್ನು ಆಮೇಲೆ ನೋಡೋಣ. ನಿಮ್ಮ ದಂಡೆ ಕುಸಿಯುವುದು ಯಾವಾಗ ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಹೊಳೆ ತುಂಬಿ ಹರಿಯುವ ದಿನವೇ, ಅಥವಾ ನೀರು ಇಳಿದು ಎರಡು ದಿನ ಬಿಸಿಲು ಬಿದ್ದ ಮೇಲೆಯೇ? ಹೊಳೆ ಬದಿಯವರನ್ನು ಕೇಳಿದಾಗಲೆಲ್ಲ ನನಗೆ ಸಿಕ್ಕಿರುವ ಉತ್ತರ ಹೆಚ್ಚಾಗಿ ಎರಡನೆಯದೇ. ಪ್ರವಾಹ ನಿಂತಷ್ಟು ದಿನವೂ ದಂಡೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಆಗ ಹೊಳೆಯ ನೀರೇ ಎದುರಿನಿಂದ ಒತ್ತಿ ಅದನ್ನು ಹಿಡಿದಿರುತ್ತದೆ. ಹೊಳೆ ಬೇಗನೆ ಇಳಿದರೆ ಆ ಆಸರೆ ಒಮ್ಮೆಲೇ ತಪ್ಪುತ್ತದೆ, ಮಣ್ಣಿನೊಳಗಿನ ನೀರು ಮಾತ್ರ ಅಷ್ಟು ಬೇಗ ಹೊರಬರುವುದಿಲ್ಲ. ಬುಡವನ್ನು ಪ್ರವಾಹ ಮೊದಲೇ ತಿಂದುಹಾಕಿರುತ್ತದೆ. ಹೀಗಾಗಿ ದಂಡೆ ಹೋಳಾಗಿ ಜಾರುತ್ತದೆ.

ಅಂದರೆ ಗೋಡೆ ಎದುರಿಸಬೇಕಾದ ಶತ್ರುಗಳು ಎರಡು: ಬುಡವನ್ನು ಕೊರೆಯುವ ನೀರು ಮತ್ತು ಬೆನ್ನ ಹಿಂದೆ ನಿಂತ ನೀರು. ಎದುರಿನಿಂದ ಬಂದು ಬಡಿಯುವ ಪ್ರವಾಹವನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಕಟ್ಟಿದ ಗೋಡೆಗಳೇ ನಮ್ಮ ಜಿಲ್ಲೆಯಲ್ಲಿ ಹೆಚ್ಚು. ಒಂದು ತೊರೆಯ ಬದಿಯಲ್ಲಿ ಅಂಥ ಗೋಡೆಯೊಂದು ಒಡೆಯದೆ, ಬಿರುಕೂ ಬಿಡದೆ, ಇಡಿಯಾಗಿ ನೀರಿನ ಕಡೆಗೆ ಮಗುಚಿ ಬಿದ್ದಿದ್ದನ್ನು ನೋಡಿದ್ದೇನೆ. ಕಾಂಕ್ರೀಟ್ ಗಟ್ಟಿಯಾಗಿಯೇ ಇತ್ತು, ಅದರ ಅಡಿಯ ಮಣ್ಣು ಇರಲಿಲ್ಲ. ಮಾಲೀಕರು ಸಾಲ ಮಾಡಿ ಕಟ್ಟಿಸಿದ್ದ ಗೋಡೆ ಅದು. ಇಂದಿಗೂ ಅದು ನನ್ನ ಕಣ್ಣ ಮುಂದಿದೆ.

ನೇರವಾದ ಗೋಡೆಗೆ ಬಡಿದ ನೀರು ಕೆಳಗಿಳಿದು ಬುಡದ ಮರಳನ್ನು ಕೆದಕುತ್ತದೆ. ಉಳ್ಳಾಲದ ಕಡಲತೀರದಲ್ಲಿ ಸುರಿದ ಬಂಡೆಗಳು ಮರಳಿನೊಳಗೆ ಕುಸಿಯುವುದಕ್ಕೂ ಬುಡದ ಈ ಕೊರೆತವೇ ಕಾರಣ, ಅಲ್ಲಿ ಕೆದಕುವುದು ಅಲೆ, ಇಲ್ಲಿ ಪ್ರವಾಹ. ನಿಮ್ಮ ತೋಟ ಹೊಳೆಯ ತಿರುವಿನ ಹೊರಬದಿಯಲ್ಲಿದ್ದರೆ ಕೊರೆತ ಇನ್ನೂ ಆಳ. ತಿರುವಿನಲ್ಲಿ ಮೇಲ್ಮೈಯ ವೇಗದ ನೀರು ಹೊರದಂಡೆಗೆ ಬಂದು ಒತ್ತಿ, ತಳಕ್ಕಿಳಿದು, ಅಲ್ಲಿನ ಮರಳನ್ನು ಒಳದಂಡೆಯ ಕಡೆಗೆ ಸಾಗಿಸುತ್ತದೆ. ಒಂದು ಬದಿಯಲ್ಲಿ ಗುಂಡಿ, ಇನ್ನೊಂದು ಬದಿಯಲ್ಲಿ ಮರಳು ದಿಬ್ಬ ಕಾಣುವುದು ಇದರಿಂದಲೇ.

ಈಗ ನೀವು ಕೇಳಿದ ಹೋಲಿಕೆಗೆ ಬರುತ್ತೇನೆ. ನಿಮ್ಮಂಥ ಮಣ್ಣಿನ ದಂಡೆಗೆ ನಾನು ಗೇಬಿಯನ್ ಪರ. ಗೇಬಿಯನ್ ಎಂದರೆ ಸತು ಲೇಪಿಸಿದ ತಂತಿಯ ಬಲೆಪೆಟ್ಟಿಗೆಯಲ್ಲಿ ಕಲ್ಲು ತುಂಬಿ, ಪೆಟ್ಟಿಗೆಯಿಂದ ಪೆಟ್ಟಿಗೆಗೆ ತಂತಿಯಲ್ಲಿ ಹೆಣೆದು ಕಟ್ಟುವ ಗೋಡೆ. ಪೆಟ್ಟಿಗೆ ಸಾಮಾನ್ಯವಾಗಿ 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಎತ್ತರ. ಅಡಿಯ ನೆಲ ಸ್ವಲ್ಪ ಕುಸಿದರೆ ಗೇಬಿಯನ್ ಬಾಗಿ ಕುಳಿತುಕೊಳ್ಳುತ್ತದೆ, ಕಾಂಕ್ರೀಟ್ ಬಿರುಕು ಬಿಡುತ್ತದೆ ಅಥವಾ ಮಗುಚುತ್ತದೆ. ಹಿಂದಿನ ನೀರೂ ಕಲ್ಲುಗಳ ಸಂದಿನಿಂದ ತಾನಾಗಿ ಹೊರಬರುತ್ತದೆ. ಆದರೆ ಬಲೆಯ ಕಣ್ಣಿಗಿಂತ ದೊಡ್ಡದಾದ, ಒಡೆಯದ, ಗಟ್ಟಿ ಕಲ್ಲನ್ನೇ ಕೈಯಿಂದ ಜೋಡಿಸಬೇಕು. ಬುಟ್ಟಿಯಲ್ಲಿ ಸುರಿದು ಮುಚ್ಚಳ ಹೆಣೆದರೆ ಒಳಗೆ ಪೊಳ್ಳು ಉಳಿಯುತ್ತದೆ, ಕಲ್ಲು ಅಲುಗಾಡಿ ತಂತಿ ಸವೆಯುತ್ತದೆ. ಪ್ರವಾಹದಲ್ಲಿ ತೇಲಿ ಬರುವ ಮರದ ದಿಮ್ಮಿಗಳು ಬಲೆಯನ್ನು ಹರಿಯುವುದೂ ಉಂಟು. ಹಾಗಾಗಿ ಪ್ರತಿ ಮಳೆಗಾಲದ ನಂತರ ನೋಡಿ ಹೊಲಿಯಬೇಕು.

ಬಲೆಯಿಲ್ಲದೆ ಬಿಡಿ ಕಲ್ಲನ್ನೇ ಇಳಿಜಾರಿಗೆ ಹಾಸುವ ಪಿಚಿಂಗ್ ಅಗ್ಗ ಎನ್ನಿಸಬಹುದು. ಅಲ್ಲಿ ಕಲ್ಲಿನ ತೂಕವೇ ಎಲ್ಲ. ನೀರಿನೊಳಗೆ 100 ಕಿಲೋ ಕಲ್ಲು ತೂಗುವುದು ಸುಮಾರು 62 ಕಿಲೋ. ಹರಿವಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ ಎಂಬುದು ಹಳೆಯ, ಒಪ್ಪಿತವಾದ ಲೆಕ್ಕ. ಬೇಸಿಗೆಯ ಹೊಳೆ ನೋಡಿ ಆರಿಸಿದ ಕಲ್ಲು ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳ, ಹೊಳೆಗೆ ನಿಲ್ಲುವುದಿಲ್ಲ.

ಯಾವುದನ್ನೇ ಕಟ್ಟಿಸಿದರೂ ಎರಡು ಕೆಲಸಗಳಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಒಂದು, ಗೋಡೆಯ ಹಿಂದೆ ಮಣ್ಣು ತೊಳೆದುಹೋಗದಂತೆ ಸೋಸುವ ಪದರ: ಮರಳು, ಜಲ್ಲಿಗಳನ್ನು ಕ್ರಮವಾಗಿ ತುಂಬಬಹುದು ಅಥವಾ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಬಹುದು. ಇದಿಲ್ಲದಿದ್ದರೆ ಗೇಬಿಯನ್ ಎದುರಿನಿಂದ ಚೆನ್ನಾಗಿಯೇ ಕಾಣುತ್ತಿರುತ್ತದೆ, ಹಿಂದೆ ತೋಟದಲ್ಲಿ ಗುಳಿ ಬೀಳುತ್ತದೆ. ಕಾಂಕ್ರೀಟ್ ಆದರೆ ಈ ಪದರದ ಜೊತೆಗೆ ನೀರು ಬಸಿಯುವ ತೂತುಗಳೂ ಬೇಕು. ಇನ್ನೊಂದು, ಬುಡದ ಹಾಸು. ಗೋಡೆಯ ಪಾದದಿಂದ ಹೊಳೆಯ ತಳದ ಮೇಲೆ ಮುಂದಕ್ಕೆ ಚಾಚಿದ ಕಲ್ಲಿನ ಅಥವಾ ತೆಳು ಗೇಬಿಯನ್ ಹಾಸು ಹಾಕಿದರೆ, ಮುಂದೆ ಕೊರೆತವಾದಾಗ ಅದು ತಾನೇ ಬಾಗಿ ಗುಂಡಿಯ ಇಳಿಜಾರನ್ನು ಹೊದಿಯುತ್ತದೆ. ಅದರ ಅಗಲ ಎಂಜಿನಿಯರರು ಅಂದಾಜಿಸುವ ಕೊರೆತದ ಆಳದ ಒಂದೂವರೆ ಪಟ್ಟು ಇರಬೇಕೆಂಬುದು ರೂಢಿ. ಹೊಳೆಯೊಳಗೆ ಮುಳುಗಿ ಕಣ್ಣಿಗೆ ಕಾಣದ ಈ ಭಾಗವನ್ನೇ ಗುತ್ತಿಗೆದಾರರು ಮೊದಲು ಕೈಬಿಡುತ್ತಾರೆ. ಗೋಡೆಯ ಎರಡೂ ತುದಿಗಳನ್ನು ದಂಡೆಯೊಳಗೆ ತಿರುಗಿಸಿ ಹೂಳದಿದ್ದರೆ ನೀರು ಹಿಂಬದಿಯಿಂದ ನುಗ್ಗುತ್ತದೆ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ನಿಮ್ಮ ದಂಡೆ ಕಲ್ಲಾದರೆ ಹೊಳೆಯ ಹಸಿವು ಅಲ್ಲಿಗೆ ಮುಗಿಯುವುದಿಲ್ಲ. ಗೋಡೆ ಮುಗಿದಲ್ಲಿಂದ ಕೆಳಗಿನ ತೋಟವೋ ಎದುರು ದಂಡೆಯ ಗದ್ದೆಯೋ ಅದಕ್ಕೆ ತುತ್ತಾಗಬಹುದು. ಆದ್ದರಿಂದ ಅಕ್ಕಪಕ್ಕದವರೊಂದಿಗೆ ಕೂತು ಮಾತನಾಡಿ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಸೆಕ್ಷನ್ ಪ್ರಕಾರ ಹೊಳೆ ಮತ್ತು ಅದರ ತಳ ಸರ್ಕಾರದ್ದು. ತಹಶೀಲ್ದಾರ್ ಕಚೇರಿ ಹಾಗೂ ನೀರಾವರಿ ಇಲಾಖೆಯನ್ನು ಕೇಳದೆ ಹೊಳೆಯೊಳಗೆ ಅಡಿಪಾಯ ತೋಡಬೇಡಿ.

ದಂಡೆಯ ಮೇಲ್ಭಾಗವನ್ನು ಕಲ್ಲಿನಿಂದ ಮುಚ್ಚುವ ಅಗತ್ಯವಿಲ್ಲ. ಅದನ್ನು ಇಳಿಜಾರಾಗಿ ಕಡಿದು ಲಾವಂಚ, ಬಿದಿರು, ಹೊಳೆಮತ್ತಿ, ಹೊಂಗೆ ನೆಡಿ. ಬಿದಿರೊಂದನ್ನೇ ನಂಬಬೇಡಿ. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಹೂ ಬಿಟ್ಟು ಮೆಳೆಯೊಂದಿಗೆ ಸಾಯುತ್ತದೆ. ದಂಡೆಯ ಅಂಚಿನವರೆಗೆ ಶುಂಠಿ ಹಾಕಿ ಮಣ್ಣು ಕೆದಕುವುದನ್ನು ನಿಲ್ಲಿಸಿ.

ಕರಡಿಗೋಡು, ಗುಹ್ಯದಂಥ ಕಡೆ ಹೊಳೆಯಂಚಿನಲ್ಲೇ ಮನೆಗಳಿರುವವರಿಗೆ ಈ ಉತ್ತರ ಹೊಂದುವುದಿಲ್ಲ. ದಂಡೆ ಕೊರೆಯದಂತೆ ಕಟ್ಟಿದ ಗೋಡೆ ಉಕ್ಕಿ ಬರುವ ಪ್ರವಾಹವನ್ನು ತಡೆಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಅಲ್ಲಿನ ಮನೆಗಳು ಮುಳುಗಿದ್ದನ್ನು ಕಂಡವರಿಗೆ ಇದು ಗೊತ್ತು. ಕೊಡವ ಮನೆತನಗಳ ಮೂಲ ಮನೆಗಳಾದ ಐನ್‌ಮನೆಗಳನ್ನು ಗದ್ದೆಗಿಂತ ಎತ್ತರದ ದಿಣ್ಣೆಯಲ್ಲಿ ಕಟ್ಟುತ್ತಿದ್ದರು. ಹೊಳೆ ಬದಿಯ ಕಾರ್ಮಿಕ ಕುಟುಂಬಗಳಿಗೂ ಅಂಥ ಎತ್ತರದ ಜಾಗವೇ ಬೇಕು, ಅದನ್ನು ಕೊಡಲೇಬೇಕು.

ನೀವು ಈಗಲೇ ಶುರುಮಾಡಬಹುದಾದ ಕೆಲಸವೊಂದಿದೆ. ದಂಡೆಯ ಅಂಚಿನಿಂದ 5 ಮೀಟರ್ ಒಳಗೆ, ಹತ್ತು ಹತ್ತು ಹೆಜ್ಜೆಗೊಂದರಂತೆ ಗೂಟ ನೆಟ್ಟು ಅಂಚಿನವರೆಗಿನ ದೂರ ಬರೆದಿಡಿ. ಹೊಳೆ ಏರಿದ ದಿನ, ಇಳಿದ ದಿನ, ಕುಸಿದ ದಿನ ಗುರುತುಮಾಡಿ. ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣದ ಹೊತ್ತಿಗೆ ಮತ್ತೆ ಅಳೆಯಿರಿ. ಆ ಪುಸ್ತಕ ಕೈಯಲ್ಲಿದ್ದರೆ ಎಂಜಿನಿಯರರಿಗೆ ಗೋಡೆ ಎಲ್ಲಿಂದ ಎಲ್ಲಿಯವರೆಗೆ ಬೇಕೆಂದು ತೋರಿಸಬಹುದು, ಜನವರಿಯಿಂದ ಮೇ ತಿಂಗಳವರೆಗೆ ನೀರು ಕಡಿಮೆ ಇರುವಾಗ ಬುಡದ ಕೆಲಸ ಮುಗಿಸಿಕೊಳ್ಳಬಹುದು.