ರೊಟ್ಟಿ ಯಾಕೆ ಬೆವರುತ್ತದೆ?

ಹಂಚಿನಿಂದ ಇಳಿಸಿದ ಬಿಸಿ ಚಪಾತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಗಂಟು ಬಿಗಿದು ಸ್ವಲ್ಪ ಹೊತ್ತು ನೋಡ್ತಾ ಕೂತ್ಕೊಳ್ಳಿ. ಮೊದಲು ಚೀಲದ ಒಳಮೈ ಮಸುಕಾಗುತ್ತದೆ. ಆಮೇಲೆ ಸಾಸಿವೆ ಕಾಳಿಗಿಂತ ಸಣ್ಣ ಹನಿಗಳು ಮೂಡುತ್ತವೆ. ಅವು ಒಂದಕ್ಕೊಂದು ಕೂಡಿ ದಪ್ಪಗಾಗಿ ಕೆಳಗೆ ಜಾರುತ್ತವೆ. ಮಧ್ಯಾಹ್ನ ಬಿಚ್ಚಿದರೆ ಅಡಿಯ ಚಪಾತಿ ಮುದ್ದೆ!

ಪ್ಲಾಸ್ಟಿಕ್ ಬಿಡಿ ಅಂದರೆ ಎಲ್ಲರೂ ಕಸದ ಗುಡ್ಡ, ಹಸುವಿನ ಹೊಟ್ಟೆ ಅಂತ ಶುರು ಮಾಡುತ್ತಾರೆ. ಅದೆಲ್ಲ ನಿಜವೇ. ಆದರೆ ಬುತ್ತಿ ಕಟ್ಟುವ ಕೆಲಸಕ್ಕೇ ಅದು ನಾಲಾಯಕ್ಕು ಅಂತ ಯಾರೂ ಹೇಳುವುದಿಲ್ಲ.

ಆಗುವುದು ಇಷ್ಟೆ. ಒಂದು ಘನಮೀಟರ್ ಗಾಳಿ 60 ಡಿಗ್ರಿ ಬಿಸಿಯಲ್ಲಿ ಸುಮಾರು 130 ಗ್ರಾಂ ನೀರಾವಿ ಹಿಡಿಯಬಲ್ಲದು. 25 ಡಿಗ್ರಿಗೆ ಇಳಿದರೆ 23 ಗ್ರಾಂ ಮಾತ್ರ. ಮಿಕ್ಕಿದ್ದು ನೀರಾಗಲೇಬೇಕು. ಚಪಾತಿಯ ಹತ್ತಿರದ ಗಾಳಿ ಬಿಸಿ, ಚೀಲದ ಗೋಡೆ ತಣ್ಣಗೆ. ಹಾಗಾಗಿ ಚಪಾತಿಯಿಂದ ಆವಿ ಏಳುತ್ತದೆ, ಗೋಡೆಗೆ ತಾಗಿ ಹನಿಯಾಗುತ್ತದೆ, ಹನಿ ಕೆಳಗೆ ಬೀಳುತ್ತದೆ, ಮತ್ತೆ ಆವಿ ಏಳುತ್ತದೆ. ಥೇಟ್ ಭಟ್ಟಿ ಇಳಿಸುವ ಕೆಲಸ. ಚಪಾತಿ ತಣ್ಣಗಾಗುವ ತನಕ ಇದು ನಿಲ್ಲುವುದಿಲ್ಲ. ಚಪಾತಿಯ ಒಳಗಿದ್ದ ನೀರೇ ಹೊರಗೆ ಬಂದು ಅದರ ಮೈಮೇಲೆ ಕೂರುತ್ತದೆ. ಬೂಷ್ಟಿಗೆ ಇನ್ನೇನು ಬೇಕು?

ಸ್ಟೀಲ್ ಡಬ್ಬಿಯೂ ಬೆವರುತ್ತದೆ, ಅಲ್ವಾ? ಬೆವರುತ್ತದೆ. ಅದಕ್ಕೇ ಡಬ್ಬಿಯೊಳಗೆ ಬಟ್ಟೆ ಹಾಸುವುದು.

ಹತ್ತಿಯ ಎಳೆ ಅಂದರೆ ಬಹುಪಾಲು ಸೆಲ್ಯುಲೋಸ್. ಅದರ ಅಣುಸರಪಳಿಯ ಉದ್ದಕ್ಕೂ ನೀರನ್ನು ಸೆಳೆದು ಹಿಡಿಯುವ ಹೈಡ್ರಾಕ್ಸಿಲ್ ಗುಂಪುಗಳಿವೆ. ಹಾಗಾಗಿ 100 ಗ್ರಾಂ ಒಣ ಹತ್ತಿ ಮಾಮೂಲಿ ಹವೆಯಲ್ಲೇ ಸುಮಾರು 8 ಗ್ರಾಂ ನೀರು ಹೀರಿಕೊಂಡಿರುತ್ತದೆ. ಮುಟ್ಟಿದರೆ ಗೊತ್ತೇ ಆಗುವುದಿಲ್ಲ. ಸುತ್ತ ಆವಿ ತುಂಬಿದರೆ ಅದು 25 ಗ್ರಾಂ ಹತ್ತಿರ ಹೋಗುತ್ತದೆ. ಅಂದರೆ ಹನಿ ಕಟ್ಟುವ ಮೊದಲೇ ಬಟ್ಟೆ ಆವಿಯನ್ನು ನುಂಗುತ್ತದೆ. ಚಪಾತಿ ಒಣಗತೊಡಗಿದರೆ ಅದರಲ್ಲಿ ಸ್ವಲ್ಪ ವಾಪಸ್ ಕೊಡುತ್ತದೆ. ಪಾಲಿಯೆಸ್ಟರ್‌ಗೆ ಈ ಗುಣವಿಲ್ಲ. ಮಾಮೂಲಿ ಹವೆಯಲ್ಲಿ 100 ಗ್ರಾಂ ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಗ್ರಾಂಗಿಂತ ಕಮ್ಮಿ. ಆದ್ದರಿಂದ ಪಾಲಿಯೆಸ್ಟರ್ ಬೆರೆತ ಹಳೆ ಟೆರಿಕಾಟ್ ಶರ್ಟನ್ನು ಇದಕ್ಕೆ ಹರಿಯಬೇಡಿ.

ನನಗೆ ಸಿಟ್ಟು ಬರುವುದು ಇನ್ನೊಂದು ವಿಷಯಕ್ಕೆ. 2016ರಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. ಅಂಗಡಿಗಳಲ್ಲಿ ಬಣ್ಣಬಣ್ಣದ ‘ಬಟ್ಟೆ ಚೀಲ’ಗಳು ಜಾಸ್ತಿಯಾದವು. ಒಂದನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಹಾಸು ಹೊಕ್ಕು ಎರಡೂ ಇಲ್ಲ. ಸಾಲಾಗಿ ಸಣ್ಣ ಚುಕ್ಕೆಗಳನ್ನು ಒತ್ತಿದ ಗುರುತಿದೆ. ಅದು ನೇಯ್ದದ್ದಲ್ಲ. ಪಾಲಿಪ್ರೊಪಿಲೀನ್ ಕರಗಿಸಿ, ಎಳೆ ಎಳೆದು, ಹರಡಿ, ಬಿಸಿ ಒತ್ತಿ ಅಂಟಿಸಿದ್ದು. ಶುದ್ಧ ಪ್ಲಾಸ್ಟಿಕ್! ಬೆಂಕಿ ತಾಗಿಸಿದರೆ ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಇದು ಕರಗಿ ಮಣಿಯಾಗುತ್ತದೆ. ಬಿಸಿಲು ಬೀಳುವ ಮೊಳೆಗೆ ಬಹುಕಾಲ ನೇತುಹಾಕಿದರೆ ಪುಡಿಪುಡಿಯಾಗಿ ಉದುರುತ್ತದೆ. ಇದರಲ್ಲಿ ರೊಟ್ಟಿ ಕಟ್ಟಿ ಪರಿಸರ ಉಳಿಸಿದೆವು ಅಂದುಕೊಳ್ಳುವವರಿಗೆ ಏನು ಹೇಳೋಣ?

ಉತ್ತರ ಕರ್ನಾಟಕದ ಹೊಲಗಳಿಗೆ ಬುತ್ತಿ ಹೋಗುತ್ತಿದ್ದದ್ದು ಬಟ್ಟೆಯ ಗಂಟಿನಲ್ಲೇ. ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ. ಖಡಕ್ ರೊಟ್ಟಿಯದ್ದು ಇನ್ನೂ ಚೆಂದದ ಲೆಕ್ಕ. ತಿನಿಸಿನಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಗುವ ನೀರೆಷ್ಟು ಅನ್ನುವುದಕ್ಕೆ ವಾಟರ್ ಆ್ಯಕ್ಟಿವಿಟಿ ಅಂತ ಒಂದು ಅಳತೆಯಿದೆ. ಶುದ್ಧ ನೀರಿಗೆ 1. ಸುಮಾರು 0.9ಕ್ಕಿಂತ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ. 0.8ಕ್ಕಿಂತ ಕೆಳಗೆ ಹೆಚ್ಚಿನ ಬೂಷ್ಟುಗಳೂ ನಿಲ್ಲುತ್ತವೆ. 0.6ರ ಕೆಳಗೆ ಯಾವ ಸೂಕ್ಷ್ಮಜೀವಿಯ ಆಟವೂ ನಡೆಯುವುದಿಲ್ಲ. ಗರಿಗರಿಯಾಗಿ ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡದೆ ಇರುವುದು ಇದಕ್ಕೇ. ಅದೇ ರೊಟ್ಟಿಯನ್ನು ಮೆತ್ತಗೆ, ಬಿಸಿಬಿಸಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಅಷ್ಟು ದಿನ ಬಾಳುವುದಿಲ್ಲ.

ಹಾಗಂತ ಓಡಿಹೋಗಿ ಹೊಸ ಹತ್ತಿ ಚೀಲ ಕೊಳ್ಳಬೇಡಿ. ಹತ್ತಿ ಬೆಳೆಗೆ ನೀರು, ಗೊಬ್ಬರ, ಕೀಟನಾಶಕ ಎಲ್ಲ ಬೇಕು. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಕೈಚೀಲಗಳ ಲೆಕ್ಕ ಹಾಕಿತ್ತು. ಹವಾಮಾನದ ಪರಿಣಾಮವನ್ನಷ್ಟೇ ನೋಡಿದರೆ, ಮಾಮೂಲಿ ಹತ್ತಿ ಚೀಲವನ್ನು 52 ಸಲ ಬಳಸಿದರೆ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಎಲ್ಲ ಬಗೆಯ ಪರಿಣಾಮ ಸೇರಿಸಿದರೆ 7,100 ಸಲ! ಪ್ಲಾಸ್ಟಿಕ್ ಪರ ವಾದಿಸುವವರು ಈ ಎರಡನೇ ಸಂಖ್ಯೆಯನ್ನು ಮಾತ್ರ ಹಿಡಿದು ಕುಣಿಯುತ್ತಾರೆ. ಲೆಕ್ಕ ಹೊಸ ಚೀಲದ್ದು. ನಿಮ್ಮ ಬೀರುವಿನ ಅಡಿಯಲ್ಲಿರುವ ಹರಿದ ಪಂಚೆಗೆ ಬೇಕಾದ ಹತ್ತಿ ಎಂದೋ ಬೆಳೆದಾಗಿದೆ, ಖರ್ಚು ಮುಗಿದಿದೆ.

ಜೇನುಮೇಣ ಸವರಿದ ಬಟ್ಟೆ ಈಗ ಆನ್‌ಲೈನ್‌ನಲ್ಲಿ ದುಬಾರಿ ಬೆಲೆಗೆ ಸಿಗುತ್ತದೆ. ಹಣ್ಣು, ಬ್ರೆಡ್ಡಿಗೆ ಸರಿ. ಮೇಣ 62–64 ಡಿಗ್ರಿಗೆ ಕರಗುತ್ತದೆ, ಬಿಸಿ ಚಪಾತಿಯ ಹತ್ತಿರ ತರಬೇಡಿ. ಸಾರು, ಪಲ್ಯ, ಮೊಸರನ್ನಕ್ಕೆ ಸ್ಟೀಲ್ ಡಬ್ಬಿ ಇದ್ದೇ ಇದೆ.

ಪಂಚೆಯ ತುಂಡು ಎರಡು ಪದರ ಬರುವಷ್ಟು ದೊಡ್ಡದಿರಲಿ. ಚಪಾತಿಯ ಹೊಗೆ ಆರಿದ ಮೇಲೆ ಸುತ್ತಿ ಡಬ್ಬಿಗೆ ಹಾಕಿ. ಸಂಜೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದು ಪೂರ್ತಿ ಒಣಗಿಸಿ. ಒದ್ದೆ ಬಟ್ಟೆ ಮಾರನೇ ದಿನ ಆವಿ ಹೀರುವುದಿಲ್ಲ. ಮಳೆಗಾಲಕ್ಕೆ ಅಂತ ಮೂರು ತುಂಡು ಹರಿದಿಟ್ಟುಕೊಳ್ಳಿ.