ಚಳಿಗೆ ಕಂಬಳಿ ಕೊಡಿ, ಕಿಟಕಿ ತೆರೆದಿಡಿ

ಡಿಸೆಂಬರ್ ಬಂತೆಂದರೆ ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರಿನ ಕಡೆ ಹೊತ್ತು ಮುಳುಗುವ ಮೊದಲೇ ಕಿಟಕಿಗಳು ಭದ್ರ. ನಾಲ್ಕು ಜನರಿರುವ ಮನೆಯ ಮಾತು ಬೇರೆ. ಒಂದೇ ಹಾಲ್‌ನಲ್ಲಿ ಸಾಲುಮಂಚ ಹಾಕಿರುವ ವೃದ್ಧಾಶ್ರಮದಲ್ಲಿ ಹೀಗಾಗಕೂಡದು. ‘ವಯಸ್ಸಾದವರು, ಥಂಡಿ ಗಾಳಿ ತಾಗಿದರೆ ಎದೆ ಕಟ್ಟುತ್ತೆ’ ಎಂಬ ಕಾಳಜಿಯಿಂದಲೇ ಮುಚ್ಚುತ್ತಾರೆ. ಸಾಲದ್ದಕ್ಕೆ ಗಾಳಿ ಶುದ್ಧವಾಗಲೆಂದು ಸಾಂಬ್ರಾಣಿ ಹೊಗೆ ಬೇರೆ. ಆ ಹೊಗೆ ಸೋಂಕು ತಡೆಯುವುದಿಲ್ಲ. ಮೊದಲೇ ಸೋತ ಶ್ವಾಸಕೋಶವನ್ನು ಇನ್ನಷ್ಟು ಕೆರಳಿಸುತ್ತದೆ.

ಫ್ಲೂ, ಕೋವಿಡ್, ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ಎಂಬ ವೈರಸ್ ಸೋಂಕು, ಯಾವುದೂ ಚಳಿಯಿಂದ ಹುಟ್ಟುವುದಿಲ್ಲ. ಚಳಿಗೆ ಮೂಗಿನ ಒಳಪದರದ ಕಾವಲು ಕೊಂಚ ಸಡಿಲವಾಗುವುದು ನಿಜ. ಆದರೆ ವೈರಸ್ ಬರಬೇಕಾದದ್ದು ಇನ್ನೊಬ್ಬರ ಉಸಿರಿನಿಂದ. ಕೆಮ್ಮಿದಾಗಷ್ಟೇ ಅಲ್ಲ, ಮಾತಾಡಿದಾಗಲೂ, ಬರಿದೆ ಉಸಿರು ಬಿಟ್ಟಾಗಲೂ ಸೂಕ್ಷ್ಮ ಹನಿಗಳು ಹೊರಬೀಳುತ್ತವೆ. ಅವುಗಳ ಗಾತ್ರವನ್ನು ನೋಡಿ. 100 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಹನಿ ಬಾಯಿಯಿಂದ ನೆಲಕ್ಕೆ ಬೀಳಲು ಕೆಲವೇ ಸೆಕೆಂಡು ಸಾಕು. 5 ಮೈಕ್ರಾನಿನದಕ್ಕೆ, ಅಲುಗದ ಗಾಳಿಯಲ್ಲಿ, ಅರ್ಧ ಗಂಟೆ ಬೇಕು. 1 ಮೈಕ್ರಾನಿನದು ಹನ್ನೆರಡು ಗಂಟೆ ತೇಲಬಲ್ಲದು! ಅಷ್ಟು ಹೊತ್ತು ವೈರಸ್ ಉಳಿಯಲಿಕ್ಕಿಲ್ಲ, ಆದರೆ ಪಕ್ಕದ ಮಂಚ ತಲುಪಲು ನಿಮಿಷಗಳೇ ಸಾಕಲ್ಲ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಸೀದರೆ ನಡುಮನೆಯಲ್ಲಿ ಕೂತವರೂ ಕೆಮ್ಮುತ್ತಾರೆ. ಈ ಹನಿಗಳ ದಾರಿಯೂ ಅದೇ. ಸೀಲಿಂಗ್ ಫ್ಯಾನ್ ಅವನ್ನು ಹೊರಗೆ ಕಳಿಸುವುದಿಲ್ಲ, ಕೋಣೆಯ ತುಂಬ ಹಂಚುತ್ತದೆ. ನೆಲಕ್ಕೆ ಎಷ್ಟು ಫಿನಾಯಿಲ್ ಹಾಕಿ ಒರೆಸಿದರೂ ತೇಲುವ ಹನಿಗೆ ಅದು ತಾಗುವುದೇ ಇಲ್ಲ.

ನಾವು ಇನ್ನೊಬ್ಬರ ಉಸಿರನ್ನು ಎಷ್ಟು ಎಳೆದುಕೊಳ್ಳುತ್ತೇವೆಂದು ಅಳೆಯಲು ಒಂದು ಸೊಗಸಾದ ಉಪಾಯವಿದೆ. ನಾವು ಬಿಡುವ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ. 4, ಅಂದರೆ ಹತ್ತು ಲಕ್ಷದಲ್ಲಿ 40,000 ಪಾಲು. ಹೊರಗಿನ ಗಾಳಿಯಲ್ಲಿ 420ರ ಆಸುಪಾಸು. ಸ್ಟೌ, ದೀಪ ಉರಿಯದ ಕೋಣೆಯಲ್ಲಿ ಈ ಅನಿಲ ಅಳೆಯುವ ಮೀಟರು 1,220 ತೋರಿಸಿದರೆ, ಹೆಚ್ಚುವರಿ 800 ಬಂದದ್ದು ಒಳಗಿರುವವರ ಎದೆಯಿಂದಲೇ. 40,000ದಲ್ಲಿ 800 ಎಂದರೆ ಐವತ್ತರಲ್ಲೊಂದು ಪಾಲು. ನೀವು ಎಳೆದುಕೊಳ್ಳುವ ಪ್ರತಿ ಐವತ್ತು ಉಸಿರಿನಲ್ಲಿ ಒಂದು ಪೂರ್ತಿ ಉಸಿರಿನಷ್ಟು ಗಾಳಿ ಆಗಲೇ ಯಾರದೋ ಶ್ವಾಸಕೋಶ ಹೊಕ್ಕು ಬಂದದ್ದು. ಮೀಟರು 2,420ಕ್ಕೆ ಏರಿದರೆ ಇಪ್ಪತ್ತರಲ್ಲಿ ಒಂದು.

ಇದೇನೂ ಹೊಸ ತಿಳಿವಳಿಕೆಯಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯಲ್ಲಿ ಸಾಗಿಸಿ ಗಿನಿಯಿಲಿಗಳ ಗೂಡಿಗೆ ಬಿಟ್ಟರು. ರೋಗಿಗಳ ಮುಖ ನೋಡದ, ಅವರ ಹಾಸಿಗೆ ಮುಟ್ಟದ ಇಲಿಗಳಿಗೆ ಬರಿ ಗಾಳಿಯಿಂದಲೇ ಕ್ಷಯ ಅಂಟಿತು. ಅದೇ ಗಾಳಿಗೆ ಅತಿನೇರಳೆ ಕಿರಣ ಹಾಯಿಸಿದಾಗ ಅಂಟಲಿಲ್ಲ. ಅದಕ್ಕೂ ಮುಂಚೆ, ಔಷಧವೇ ಇಲ್ಲದ ಕಾಲದಲ್ಲಿ, ಚಿಂತಾಮಣಿಯಿಂದ ಆಂಧ್ರದ ಕಡೆ ಹೋದರೆ ಸಿಗುವ ಮದನಪಲ್ಲಿಯ ಆರೋಗ್ಯವರಂನಂಥ ಸ್ಯಾನಟೋರಿಯಂಗಳು, ಅಂದರೆ ಕ್ಷಯರೋಗಿಗಳ ಆಸ್ಪತ್ರೆಗಳು, ಬಯಲ ಗಾಳಿಯನ್ನೇ ನೆಚ್ಚಿದ್ದವು. ಔಷಧ ಬಂದ ಮೇಲೆ ಕಿಟಕಿಯನ್ನು ಮರೆತೆವು. ಪೆರುವಿನ ಲಿಮಾದ ಎಂಟು ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಿಟಕಿ ಬಾಗಿಲು ತೆರೆದ ಕೋಣೆಗಳಲ್ಲಿ ಗಾಳಿ ಗಂಟೆಗೆ 28 ಸಲ ಬದಲಾಗುತ್ತಿತ್ತು. ಯಂತ್ರದಿಂದ ಗಾಳಿಯಾಡಿಸುವ ಹೊಸ ಕೋಣೆಗಳಲ್ಲಿ 12 ಸಲ. ಎತ್ತರದ ಸೂರು, ದೊಡ್ಡ ಕಿಟಕಿಯ ಹಳೆಯ ಕಟ್ಟಡಗಳದೇ ಮೇಲುಗೈ. ಗವಾಕ್ಷಿಯಿದ್ದ ನಮ್ಮ ಹೆಂಚಿನ ಮನೆಗಳನ್ನು ಒಡೆದು, ಅರ್ಧವಷ್ಟೇ ತೆರೆಯುವ ಸ್ಲೈಡಿಂಗ್ ಕಿಟಕಿಯ ಆರ್‌ಸಿಸಿ ಮನೆ ಕಟ್ಟಿದವರು ನಾವು.

ಹಾಗಾದರೆ ಅಜ್ಜ ಅಜ್ಜಿಯರು ನಡುಗಬೇಕೆ? ಖಂಡಿತ ಬೇಡ. ಸ್ವೆಟರ್, ಮಂಕಿ ಕ್ಯಾಪ್, ಎರಡು ಕಂಬಳಿ ಕೊಡಿ. ಮಂಚವನ್ನು ಕಿಟಕಿಯ ನೇರದಿಂದ ಸರಿಸಿ. ಎದುರುಬದುರು ಎರಡು ಕಿಟಕಿಗಳನ್ನು ಒಂದೊಂದು ಗೇಣು ತೆರೆದಿಡಿ. ಸೊಳ್ಳೆ ಜಾಲರಿಯ ಧೂಳು ತೊಳೆಯಿರಿ, ಕಟ್ಟಿಕೊಂಡ ಜಾಲರಿ ಗೋಡೆಗೆ ಸಮ. ಒಂದೇ ಕಿಟಕಿಯ ಹಾಲ್ ಆದರೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ. ಫ್ಲೂ ಲಸಿಕೆ, ಕೆಮ್ಮುವವರಿಗೆ ಮಾಸ್ಕ್, ಕೈ ತೊಳೆಯುವುದು ಇದ್ದೇ ಇವೆ.

ತುಮಕೂರು ಜಿಲ್ಲೆ ಕಲಿಸಿದ ಇನ್ನೊಂದು ವಿಷಯವಿದೆ. 1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಇಲ್ಲಿನ ಹಳ್ಳಿಗಳಲ್ಲಿ ವಿಚಾರಿಸಿದಾಗ, ಕ್ಷಯವಿದ್ದವರಲ್ಲಿ ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರ ಕೈಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ವೃದ್ಧಾಶ್ರಮದಲ್ಲಿ ‘ವಯಸ್ಸಿನ ಕೆಮ್ಮು’ ಎನ್ನುವಾಗ ಇದು ನೆನಪಿರಲಿ. ಇಳಿವಯಸ್ಸಿನಲ್ಲಿ ನ್ಯುಮೋನಿಯಾ ಬಂದರೂ ಜ್ವರ ಏರದಿರಬಹುದು. ಊಟ ಬೇಡವೆನ್ನುವುದು, ದಿಢೀರನೆ ಮಂಕಾಗುವುದು, ನಡೆಯುತ್ತಾ ಬೀಳುವುದೇ ಮೊದಲ ಸುಳಿವಾಗಬಹುದು. ಅಂಥವರನ್ನು ಅಂದೇ ವೈದ್ಯರಿಗೆ ತೋರಿಸಿ.

ಸೋಂಕು ಒಳಗೆ ಬರುವುದು ಬಹಳ ಸಲ ಆರೈಕೆ ಮಾಡುವವರ ಜತೆಯಲ್ಲೇ. 2020ರ ಆರಂಭದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ಕೋವಿಡ್ ಹಬ್ಬಲು, ಸಿಬ್ಬಂದಿ ಮೈಹುಷಾರಿಲ್ಲದಿದ್ದರೂ ಕೆಲಸಕ್ಕೆ ಬಂದದ್ದು, ಒಬ್ಬರೇ ಎರಡು ಮೂರು ಕಡೆ ದುಡಿಯುತ್ತಿದ್ದದ್ದು ಕಾರಣಗಳಲ್ಲಿ ಸೇರಿದ್ದವು. ದಿನಗೂಲಿ ಕಳೆದುಕೊಳ್ಳುವ ಭಯವಿರುವ ಆಯಾ ಕೆಮ್ಮುತ್ತಲೇ ಬರುತ್ತಾಳೆ. ಅವಳಿಗೆ ಸಂಬಳ ಸಹಿತ ರಜೆ ಕೊಡುವ ಹಣವನ್ನು ಆಶ್ರಮದ ಔಷಧದ ಖರ್ಚಿನ ಲೆಕ್ಕಕ್ಕೇ ಸೇರಿಸಬೇಕು.