ಹಗಲು ಸ್ಪಷ್ಟ, ರಾತ್ರಿ ಬರೀ ಮಂಜು: ಕ್ಯಾಮೆರಾ ಬದಲಾಯಿಸಬೇಕಾ?

ಪ್ರಶ್ನೆ: ಮನೆ ಮುಂದೆ ಸಿಸಿಟಿವಿ ಹಾಕಿಸಿದ್ದೇವೆ. ಹಗಲಲ್ಲಿ ಗೇಟಿನ ಬೀಗವೂ ಕಾಣುತ್ತದೆ. ರಾತ್ರಿ ಮಾತ್ರ ಮಂಜು ಕವಿದ ಹಾಗೆ, ಬಂದವರ ಮುಖವೇ ಗೊತ್ತಾಗುವುದಿಲ್ಲ. ಜಾಸ್ತಿ ಮೆಗಾಪಿಕ್ಸೆಲ್‌ನ ಹೊಸದು ತಗೋಬೇಕಾ?

ಉತ್ತರ: ಈಗಲೇ ಬೇಡ. ಹಗಲು ಅಷ್ಟು ಚೆನ್ನಾಗಿ ಕಾಣುತ್ತಿದ್ದರೆ ಲೆನ್ಸ್ ಸರಿಯಾಗಿಯೇ ಇದೆ. ತೊಂದರೆ ಹೆಚ್ಚಾಗಿ ಕ್ಯಾಮೆರಾ ಕೂತಿರುವ ಜಾಗದ್ದು.

ಕತ್ತಲಾದ ಮೇಲೆ ಕ್ಯಾಮೆರಾ ತನ್ನದೇ ಟಾರ್ಚ್ ಹಿಡಿದು ನೋಡುತ್ತದೆ. ಲೆನ್ಸ್ ಸುತ್ತಲಿನ ಪುಟ್ಟ ಎಲ್‌ಇಡಿಗಳಿಂದ ಇನ್‌ಫ್ರಾರೆಡ್ ಬೆಳಕು ಹೊರಡುತ್ತದೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ. 850 ನ್ಯಾನೋಮೀಟರ್ ತರಂಗಾಂತರದ (ಬೆಳಕಿನ ಅಲೆಯ ಉದ್ದದ) ಎಲ್‌ಇಡಿ ಆದರೆ ಮಂದ ಕೆಂಪು ಚುಕ್ಕಿ ಕಂಡೀತು, ಅಷ್ಟೇ. ಈ ಬೆಳಕು ಮೊದಲು ಯಾವುದಕ್ಕೆ ತಾಗುತ್ತದೆ ಎಂದು ನೋಡಿ. ಪಕ್ಕದಲ್ಲೇ ಬಿಳಿ ಗೋಡೆಯೋ, ತೆಂಗಿನ ಗರಿಯೋ ಇದ್ದರೆ ಅದು ಹಾಲಿನ ಹಾಗೆ ಹೊಳೆಯುತ್ತದೆ. ಬೆಳಕು ಜಾಸ್ತಿಯಾಯಿತೆಂದು ಕ್ಯಾಮೆರಾ ಇಡೀ ಚಿತ್ರವನ್ನೇ ಮಂಕು ಮಾಡುತ್ತದೆ. ದೂರ ಎರಡರಷ್ಟಾದರೆ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. ಅಂದರೆ 1 ಅಡಿ ದೂರದ ಗೋಡೆಗೆ ಬೀಳುವ ಬೆಳಕಿನಲ್ಲಿ 20 ಅಡಿ ದೂರದ ಗೇಟಿಗೆ ಸಿಗುವುದು 400ರಲ್ಲಿ ಒಂದು ಪಾಲು. ಗೇಟು ಕಾಣದಿರುವುದು ಇದಕ್ಕೇ.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಮಳೆ ತಾಗದಿರಲಿ ಅಂತ ಕ್ಯಾಮೆರಾವನ್ನು ಸಜ್ಜಾದ ಒಳಮೂಲೆಯಲ್ಲಿ ಕೂರಿಸಿದ್ದೆವು. ರಾತ್ರಿ ಚಿತ್ರದ ಮೇಲ್ಭಾಗ ಪೂರ್ತಿ ಬಿಳಿ ಪಟ್ಟಿ, ಕೆಳಗೆ ಕತ್ತಲು. ಸಜ್ಜಾದ ಅಂಚಿಗೆ ತಂದು, ಒಂದು ಗೇಣು ಇಳಿಸಿ, ಮೂತಿ ಸ್ವಲ್ಪ ಬಗ್ಗಿಸಿದೆವು. ಅದೇ ರಾತ್ರಿ ಗೇಟಿನ ಸರಳುಗಳನ್ನು ಎಣಿಸಬಹುದಿತ್ತು!

ಇನ್ನು ನೀವು ಹೇಳುವ ಮಂಜು. ಏಣಿ ಹತ್ತಿ ಒಮ್ಮೆ ಹತ್ತಿರದಿಂದ ನೋಡಿ. ಡೋಮ್ ಮೇಲೆ, ಅಂದರೆ ಲೆನ್ಸ್ ಮುಚ್ಚಿರುವ ಪಾರದರ್ಶಕ ಕವಚದ ಮೇಲೆ, ಧೂಳು, ಬೆರಳಚ್ಚು ಇದ್ದರೆ ಬೆಳಕು ಅಲ್ಲೇ ಚದುರಿ ಮಂಜಾಗುತ್ತದೆ. ಜೇಡರ ಬಲೆಯೂ ಅಷ್ಟೇ. ಹಗಲಲ್ಲಿ ಕಣ್ಣಿಗೇ ಬೀಳದ ಒಂದೇ ಒಂದು ಎಳೆ ರಾತ್ರಿ ಬಿಳಿ ಹಗ್ಗದಷ್ಟು ದಪ್ಪಗೆ ತೂಗಾಡುತ್ತದೆ. ಗಾಳಿಗೆ ಅದು ಅಲ್ಲಾಡಿದಾಗಲೆಲ್ಲ ಫೋನಿಗೆ ಸುಮ್ಸುಮ್ನೆ ಅಲರ್ಟ್ ಬರುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಆಗಾಗ ಒರೆಸಿ. ಕಿಟಕಿ ಗಾಜಿನ ಒಳಗಿಂದ ನೋಡುವ ಕ್ಯಾಮೆರಾ ಆದರೆ ಇನ್‌ಫ್ರಾರೆಡ್ ಆಫ್ ಮಾಡಿ, ಹೊರಗೆ ಒಂದು ದೀಪ ಹಾಕಿ.

ದೀಪ ಅಂದೆ ಅಲ್ವಾ, ಅದು ಕ್ಯಾಮೆರಾದ ಹಿಂದೆಯೋ ಮೇಲೆಯೋ ಇರಲಿ. ಬೀದಿದೀಪ ನೇರ ಲೆನ್ಸಿಗೆ ಹೊಡೆದರೆ ಬಂದವರು ಕಪ್ಪು ನೆರಳಾಗಿಬಿಡುತ್ತಾರೆ. ಕತ್ತಲಲ್ಲಿ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಜಾಸ್ತಿ ಹೊತ್ತು ತಗೊಳ್ಳುತ್ತದೆ, ಅದಕ್ಕೇ ನಡೆಯುವವರ ಮುಖ ಕಲಸಿಹೋಗುವುದು. ಜಗಲಿಯಲ್ಲಿ ಒಂದು 9 ವ್ಯಾಟ್ ಬಲ್ಬ್ ಉರಿಯುತ್ತಿದ್ದರೂ ಎಷ್ಟೋ ವಾಸಿ. ಹೊಸ ಕ್ಯಾಮೆರಾಕ್ಕಿಂತ ನಾನು ಮೊದಲು ಹೇಳುವುದು ಈ ಬಲ್ಬನ್ನೇ.

ಎತ್ತರ 8ರಿಂದ 10 ಅಡಿ ಸಾಕು. ಮಹಡಿ ಮೇಲಿಟ್ಟರೆ ಹೆಲ್ಮೆಟ್ ಕಾಣುತ್ತದೆ, ಮುಖ ಕಾಣುವುದಿಲ್ಲ.

ಗೋಡೆಗೆ ತೂತು ಕೊರೆಯುವ ಮೊದಲು, ರಾತ್ರಿ ಎಂಟರ ಮೇಲೆ, ಕ್ಯಾಮೆರಾವನ್ನು ಒಂದು ಕೋಲಿಗೆ ಕಟ್ಟಿ ಆ ಜಾಗದಲ್ಲಿ ಹಿಡಿಯಿರಿ. ಮನೆಯವರೊಬ್ಬರು ಗೇಟಿನಿಂದ ಬಾಗಿಲವರೆಗೆ ಮಾಮೂಲಿ ವೇಗದಲ್ಲಿ ನಡೆದು ಬರಲಿ. ಲೈವ್ ನೋಡಿ ಒಪ್ಪಬೇಡಿ. ರೆಕಾರ್ಡಿಂಗ್ ತೆಗೆದು ನಡುವೆ ನಿಲ್ಲಿಸಿ ನೋಡಿ. ಮುಖದ ಗುರುತು ಸಿಕ್ಕರೆ ಅಲ್ಲೇ ಪೆನ್ಸಿಲ್‌ನಲ್ಲಿ ಗೆರೆ ಹಾಕಿ, ಬೆಳಿಗ್ಗೆ ಡ್ರಿಲ್ ಮಾಡಿಸಿ.